ಒಳಹಿಮ್ಮಡಿಯ ಮೂರು ಚುಕ್ಕಿ

ಚೆಲುವಿಯ ಕಣ್ಣಿನ ರೆಪ್ಪೆಗೆ ಒಂದು ದಿನವೂ ತಪ್ಪದೆ ಮುಲಾಮು ಹಚ್ಚುತ್ತೇನೆಂದು ಒಂಬತ್ತು ವರ್ಷದ ಹಿಂದೆ ನಮ್ಮವ್ವನಿಗೆ ಮಾತು ಕೊಟ್ಟಿದ್ದೆ. ಆಗ ಚೆಲುವಿ ಹನ್ನೊಂದು ದಿನದ ಕೂಸು. ಅವ್ವ ಚಾಪೆ ಹಿಡಿದು ಆರು ತಿಂಗಳಾಗಿತ್ತು; ಕಣ್ಣು ಪೂರ್ತಿ ಹೋಗಿದ್ದು ಅದಕ್ಕೂ ಐದು ವರ್ಷ ಮುಂಚೆ. ಕೂಸಿನ ಹೆಜ್ಜೆಯ ಪಟದಲ್ಲಿ ಒಳಹಿಮ್ಮಡಿಗೆ ಮೂರು ಚುಕ್ಕಿ ಬಂದಿವೆ ಎಂದು ನಾನು ಹೇಳುತ್ತಿದ್ದ ಹಾಗೇ ಅವಳು ತಡಕಾಡಿ ನನ್ನ ಮುಂಗೈ ಹಿಡಿದುಕೊಂಡಳು. “ನೀನು ಹೊಟ್ಟೇಲಿದ್ದಾಗ ಮುಲಾಮಿನ ವಾಸ್ನೆ ತಡೀಲಾರದೆ ಹದಿನೈದು ದಿನ ಬಿಟ್ಟಿದ್ದೆ ಕಣೇ. ಹದಿನೈದೇ ದಿನ. ಅದಕ್ಕೇ ನನ್ನ ಕಣ್ಣು ಹೋಗಿದ್ದು. ನೀನು ಒಂದು ದಿನಾನೂ ಬಿಡಕೂಡದು. ಹೇಳು.” ಹೇಳಿದೆ. “ಹಂಗಲ್ಲ, ಕೂಸಿನ ತಲೆ ಮುಟ್ಟಿ ಹೇಳು.” ತಲೆ ಮುಟ್ಟಿ ಹೇಳಿದೆ. ಅವ್ವನ ತಂಗಿ, ನಮ್ಮ ಚಿಕ್ಕವ್ವ ಜವರಮ್ಮ, ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು. ಮೂರನೆಯ ವಾರ ಅವ್ವ ತೀರಿಕೊಂಡಳು. ಮಣ್ಣು ಮಾಡಿ ಬಂದ ದಿನವೂ ಒಲೆ ಹಚ್ಚುವ ಮುಂಚೆ ನಾನು ಮುಲಾಮಿನ ಭರಣಿ ತೆಗೆದೆ.

ನಮ್ಮೂರ ಹೆಜ್ಜೆಮನೆಯ ಅಂಗಳದಲ್ಲಿ ಒಂದು ಕರಿಕಲ್ಲಿನ ಚಪ್ಪಡಿ ಇದೆ. ಅದರ ಮೇಲೆ ಒದ್ದೆ ಕಾಲಿಟ್ಟು ತೆಗೆದರೆ ನೀರು ಆರುತ್ತದೆ, ಹೆಜ್ಜೆಯ ಗುರುತೂ ಆರಿಹೋಗುತ್ತದೆ, ಬಿಳಿಯ ಚುಕ್ಕಿಗಳು ಮಾತ್ರ ಉಳಿಯುತ್ತವೆ. ಒಬ್ಬರಿಗಿದ್ದ ಹಾಗೆ ಇನ್ನೊಬ್ಬರಿಗಿರುವುದಿಲ್ಲ. ತಾಯಿಯ ಚುಕ್ಕಿಗಳಲ್ಲಿ ಅರ್ಧ, ತಂದೆಯ ಚುಕ್ಕಿಗಳಲ್ಲಿ ಅರ್ಧ ಮಗುವಿಗೆ ಬರುತ್ತವೆ. ಯಾವ ಅರ್ಧ ಎಂದು ಯಾರೂ ಹೇಳಲಾರರು. ಅವ್ವನ ಮೂರು ಚುಕ್ಕಿ ನನಗೆ ಬರುವಾಗ ಎರಡಾಗಿದ್ದವು, ಎರಡಿದ್ದರೆ ಏನೂ ಅಲ್ಲ. ಚೆಲುವಿಯ ಹೊತ್ತಿಗೆ ಮತ್ತೆ ಮೂರಾದವು. ಹನ್ನೊಂದನೆಯ ದಿನ ಕೂಸಿನ ಬಲಗಾಲು ತೊಯಿಸಿ ಕಲ್ಲಿಗೆ ಮುಟ್ಟಿಸುವುದು, ಉಳಿದ ಚುಕ್ಕಿಗಳನ್ನು ಕಾಗದಕ್ಕೆ ಇಳಿಸುವುದು, ಆ ಪಟ ಓದಿ ಹೇಳುವುದು ಹೆಜ್ಜೆಮನೆಯವರ ಕೆಲಸ. ಮುಂಚೆ ಪಟ ಓದುತ್ತಿದ್ದ ಕಾಳಮ್ಮನ ನಂತರ ಏಳು ವರ್ಷದಿಂದ ಅದು ನನ್ನ ಕೆಲಸ. ದೊಡ್ಡವರಾದ ಮೇಲೆ ಯಾರೂ ಆ ಕಲ್ಲು ತುಳಿಯುವುದಿಲ್ಲ. ಒಮ್ಮೆ ಓದಿದ್ದು ಓದಿದ್ದೇ. ಮಳೆಗಾಲದಲ್ಲಿ ಬಂದವರು ಗೋಡೆ ಬದಿ ಹಿಡಿದು ಕಲ್ಲನ್ನು ಬಳಸಿಕೊಂಡು ಹೋಗುತ್ತಾರೆ. ಅಪ್ಪಿತಪ್ಪಿ ಯಾರಾದರೂ ತುಳಿದುಬಿಟ್ಟರೆ, ಅದು ಆರಿ ನಾನು ಒರೆಸುವ ತನಕ ಉಳಿದವರು ಸೂರು ನೋಡುತ್ತಾ ನಿಂತಿರುತ್ತಾರೆ.

ಪಟ ಓದುವುದು ದೊಡ್ಡ ವಿದ್ಯೆಯೇನಲ್ಲ. ಬೆರಳಿನ ಕಡೆ ಮೇಲೆ ಬರುವಂತೆ ಹಿಡಿದರೆ, ಬಲಗಾಲಾದ್ದರಿಂದ, ಎಡಗಡೆ ಒಳಹಿಮ್ಮಡಿ, ಬಲಗಡೆ ಹೊರಹಿಮ್ಮಡಿ. ಹೊರಗಡೆ ಮೂರು ಚುಕ್ಕಿ ಒಟ್ಟಿಗಿದ್ದರೆ ಗೊರಕೆ. ಅದನ್ನು ಹೇಳಿದಾಗ ಎಲ್ಲರೂ ನಗುತ್ತಾರೆ, ಕೂಸಿನ ಅಜ್ಜಿ “ಇವನ ಹೆಂಡ್ತಿ ಪಾಡು ಇನ್ನೇನು” ಎನ್ನುತ್ತಾಳೆ. ಒಳಗಡೆ ಇದ್ದರೆ ಇಸುಬು. ಆಗ ಯಾರೂ ನಗುವುದಿಲ್ಲ. ಮೊಣಕೈ ಸಂದು, ಮಂಡಿ ಹಿಂದೆ, ಕತ್ತು, ಕಣ್ಣಿನ ರೆಪ್ಪೆ, ಎಲ್ಲಾ ಕಡೆ ಚರ್ಮ ಒರಟಾಗಿ, ಕೆಂಪಾಗಿ, ರಕ್ತ ಬರುವ ತನಕ ತುರಿಕೆ. ಅದೂ ದೊಡ್ಡದಲ್ಲ. ಇಸುಬಿನ ಹಿಂದೆಯೇ ಅಂಚುಗಪ್ಪು ಬರುತ್ತದೆ ಎಂಬುದು ಊರಿಗೆಲ್ಲ ಗೊತ್ತು. ನಲವತ್ತರ ಹೊತ್ತಿಗೆ ನೋಟದ ಅಂಚು ಕಪ್ಪಾಗುತ್ತಾ ಬರುತ್ತದೆ. ಬಳೆಯೊಳಗಿಂದ ಕಂಡಷ್ಟೇ ಉಳಿಯುತ್ತದೆ. ಆಮೇಲೆ ಅದೂ ಇಲ್ಲ. ಹಾಗಾಗದಿರಲಿ ಎಂದು ಮೂರು ಚುಕ್ಕಿಯ ಮಕ್ಕಳಿಗೆ, ಮೈ ತುರಿಸಲಿ ಬಿಡಲಿ, ಹನ್ನೊಂದನೆಯ ದಿನದಿಂದಲೇ ರೆಪ್ಪೆಗೆ ಮುಲಾಮು. ಹೆಜ್ಜೆಮನೆಯವರು ಚೀಟಿ ಬರೆಯಬೇಕು, ಮುಲಾಮಿನ ಮನೆಯವರು ಭರಣಿ ತುಂಬಿಕೊಡಬೇಕು. ಚೀಟಿಯಿಲ್ಲದವರಿಗೆ ಬೆರಳ ತುದಿಯಷ್ಟೂ ಸಿಗುವುದಿಲ್ಲ. ಆ ಮುಲಾಮಿನ ಮನೆ ನಮ್ಮವ್ವನದು, ಈಗ ಚಿಕ್ಕವ್ವನದು. ಒಂದು ಮಾತು ಹೇಳಲೇಬೇಕು: ಮುಲಾಮು ಕೆಲಸ ಮಾಡುತ್ತದೆ. ಚೆಲುವಿಯ ರೆಪ್ಪೆ ಎಷ್ಟೇ ಬಿರಿದಿರಲಿ, ಎರಡು ಸಲ ಹಚ್ಚಿದರೆ ಮಗುವಿನ ಕೆನ್ನೆಯ ಹಾಗಾಗುತ್ತದೆ.

ಕಳೆದ ಕಾರ್ತೀಕದಲ್ಲಿ ಡಾಕ್ಟರ್ ಉಮಾಪತಿ ಒಂದು ಉದ್ದನೆಯ ನೋಟ್‌ಬುಕ್ ಹಿಡಿದುಕೊಂಡು ಹೆಜ್ಜೆಮನೆಗೆ ಬಂದರು. ಅವರು ನಮ್ಮೂರಿಗೆ ಬಂದು ಆರು ವರ್ಷ, ಇನ್ನೂ ಅಂಗಳದ ಕಲ್ಲು ಕಂಡರೆ ಹೆದರಿ ಹಾರುತ್ತಾರೆ. “ದೇವಾಜಮ್ಮ, ಇದರಲ್ಲಿ ನೂರಾ ನಲವತ್ತು ಜನ ಇದ್ದಾರೆ. ಎಲ್ಲಾ ಅಂಚುಗಪ್ಪಿನವರು. ನಮ್ಮ ಪುಸ್ತಕದಲ್ಲಿ ಇದಕ್ಕೆ ಗ್ಲಾಕೋಮಾ ಅಂತಾರೆ. ಇವರಲ್ಲಿ ಎಷ್ಟು ಜನಕ್ಕೆ ಇಸುಬಿನ ಚುಕ್ಕಿ ಇದೆ ಅಂತ ಪಟ ನೋಡಿ ಹೇಳ್ತೀರಾ?”

“ಅದನ್ನೇನು ನೋಡೋದು ಡಾಕ್ಟ್ರೇ, ಇದ್ದೇ ಇರ್ತದೆ. ಊರಿಗೇ ಗೊತ್ತು.”

“ಇಸುಬು ಇರೋರಿಗೆ ಕಣ್ಣು ಹೋಗುತ್ತೆ ಅಂತ ಊರಿಗೆ ಗೊತ್ತು. ಇಸುಬಿನಿಂದಲೇ ಹೋಗುತ್ತಾ ಅಂತ ಯಾರಿಗೂ ಗೊತ್ತಿಲ್ಲ. ಇಸುಬಿನವರು ಕಣ್ಣು ಉಜ್ಜುತಾರೆ, ಸರಿಯಾಗಿ ನಿದ್ದೆ ಮಾಡಲ್ಲ, ಬಿಸಿಲಿಗೆ ಬರಲ್ಲ, ಅದು ತಿನ್ನಲ್ಲ ಇದು ತಿನ್ನಲ್ಲ, ಮುಲಾಮು ಹಚ್ಚುತಾರೆ. ಇದರಲ್ಲಿ ಯಾವುದು ಕಣ್ಣಿಗೆ ಮುಳುವಾಯ್ತು ಅಂತ ಹೇಗೆ ಹೇಳೋದು? ಎಲ್ಲಾ ಕಲಸಿಹೋಗಿದೆ. ಚುಕ್ಕಿ ಹಾಗಲ್ಲ ನೋಡಿ. ಹುಟ್ಟೋವಾಗ ಯಾರಿಗೆ ಯಾವುದು ಬೀಳುತ್ತೆ ಅನ್ನೋದು ಯಾರ ಕೈಲೂ ಇಲ್ಲ, ಬಿದ್ದಮೇಲೆ ಬದಲಾಗೋದೂ ಇಲ್ಲ. ಅಲ್ಲಿಂದ ಶುರು ಮಾಡಿದ್ರೆ ಏನಾದ್ರೂ ಬಿಡಿಸಬಹುದು ಅಂತ.”

ಚೆಲುವಿ ಆಗ ತಾನೇ ಸ್ಕೂಲಿನಿಂದ ಬಂದು ಮೊಣಕೈ ತುರಿಸಿಕೊಳ್ಳುತ್ತಾ ನಿಂತಿದ್ದಳು. ಡಾಕ್ಟರು ಅವಳ ರೆಪ್ಪೆಯ ಮೇಲಿನ ಹೊಳಪನ್ನು ಒಂದು ಗಳಿಗೆ ನೋಡಿದರು.

ನಾಲ್ಕು ದಿನ, ಕೂಸುಗಳ ಕೆಲಸ ಮುಗಿದ ಮೇಲೆ, ಬುಟ್ಟಿಗಳಿಂದ ಪಟ ತೆಗೆದು ತೆಗೆದು ಹೆಸರಿಗೆ ಹೊಂದಿಸಿದೆ. ಬೆನ್ನು ಬಿದ್ದುಹೋಯಿತು. ನೂರಾ ನಲವತ್ತರಲ್ಲಿ ನೂರಾ ಹನ್ನೆರಡು ಜನಕ್ಕೆ ಒಳಹಿಮ್ಮಡಿಯ ಮೂರು ಚುಕ್ಕಿ. ನಾನು ಹೇಳಿರಲಿಲ್ಲವೇ ಎಂಬ ಮುಖ ಮಾಡಿಕೊಂಡು ಡಾಕ್ಟರಿಗೆ ಕೊಟ್ಟೆ. ಅವರು ತಮ್ಮ ನೋಟ್‌ಬುಕ್ಕಿನ ಜೊತೆ ಇಟ್ಟು ನೋಡಿದರು, ಇನ್ನೊಂದು ಸಲ ನೋಡಿದರು. “ಈ ಹತ್ತೊಂಬತ್ತು ಜನ ಏನಮ್ಮ ಇದು? ಇವರಿಗೆ ಮೂರು ಚುಕ್ಕಿ ಇದೆ ಅಂತೀರಿ. ಆದರೆ ಜನ್ಮದಲ್ಲಿ ಒಂದು ಸಲನೂ ತುರಿಕೆ ಬಂದಿಲ್ಲ ಅಂತ ನನ್ನ ಹತ್ರ ಹೇಳಿದ್ದಾರೆ.”

ನಾನು ಮುಲಾಮಿನ ಮನೆಗೆ ಹೋಗಿ ಚಿಕ್ಕವ್ವನನ್ನು ಕೇಳಿದೆ. ಅವಳು ಕೊಪ್ಪರಿಗೆಯಲ್ಲಿ ಸೌಟು ತಿರುವುತ್ತಿದ್ದಳು. “ಅದೇ ಕಣೇ ಮುಲಾಮಿನ ಗುಣ. ತುರಿಕೆ ಏಳಕ್ಕೇ ಬಿಟ್ಟಿಲ್ಲ.”

“ಹಂಗಾದ್ರೆ ಕಣ್ಣು ಯಾಕೆ ಹೋಯ್ತು ಚಿಕ್ಕವ್ವ?”

“ಎಲ್ಲೋ ಒಂದು ದಿನ ತಪ್ಪಿಸಿರ್ತಾರೆ.”

ಈ ಎರಡು ಉತ್ತರ ಸಾಕಾಗದಂಥ ಪ್ರಶ್ನೆ ನಮ್ಮೂರಲ್ಲಿ ಅಲ್ಲಿಯ ತನಕ ಹುಟ್ಟಿರಲಿಲ್ಲ. ನನಗೂ ಸಾಕಾಗಿತ್ತು. ಆದರೆ ಆ ಹತ್ತೊಂಬತ್ತು ಪಟಗಳನ್ನು ಬುಟ್ಟಿಗೆ ಹಿಂತಿರುಗಿಸುವ ಮುಂಚೆ ಜೋಡಿಸಿಕೊಳ್ಳಲೆಂದು ಮನೆಗೆ ತಂದಿದ್ದೆ. ಅಮಾವಾಸ್ಯೆಯ ರಜೆ, ಮಧ್ಯಾಹ್ನದ ಹೊತ್ತು, ಊಟ ಮಾಡಿ ನನ್ನ ಗಂಡ ಮರಿಸ್ವಾಮಿ ನಡುಮನೆಯಲ್ಲಿ ಮಲಗಿದ್ದ. ಅವನು ಸುಣ್ಣ ಬಳಿಯುವವನು. ಈಚೆಗೆ ಏಣಿಯ ಪಕ್ಕದಲ್ಲೇ ಇಟ್ಟಿರುವ ಬಕೆಟ್ಟು ಒದೆಯುತ್ತಾನೆಂದು ಜೊತೆಯವರು ಆಡಿಕೊಳ್ಳುತ್ತಿದ್ದರು. “ವಯಸ್ಸಾಯ್ತು ಬಿಡೇ” ಎನ್ನುತ್ತಿದ್ದ, ನಲವತ್ತೊಂದಕ್ಕೆ. ಪಟಗಳನ್ನು ಹುಟ್ಟಿದ ವರ್ಷದ ಪ್ರಕಾರ ಜೋಡಿಸುತ್ತಾ ಹೋದೆ. ಹತ್ತೊಂಬತ್ತೂ ಹನ್ನೆರಡು ವರ್ಷದೊಳಗೇ ಬಂದವು. ಇವತ್ತಿಗೆ ಮೂವತ್ತಾರರಿಂದ ನಲವತ್ತೆಂಟು ವಯಸ್ಸಿನವರು. ಮುಂಚಿನವರೂ ಇಲ್ಲ, ಆಮೇಲಿನವರೂ ಇಲ್ಲ. ಕಾಗದ ನೋಡಿದೆ. ಎಲ್ಲವೂ ಒಮ್ಮೆ ಒದ್ದೆಯಾಗಿ ಒಣಗಿದ ಹಾಗೆ ಸುಕ್ಕು. ಒಂದರಲ್ಲೂ ಶಾಯಿಯ ಗುರುತಿಲ್ಲ. ನಾವೆಲ್ಲ ಕಲ್ಲು ನೋಡಿ ಶಾಯಿಯಲ್ಲಿ ಚುಕ್ಕಿ ಇಡುತ್ತೇವೆ. ಇದರಲ್ಲಿ ಬಿಳಿಯ ಚುಕ್ಕಿಯೇ ಕಾಗದಕ್ಕೆ ಅಂಟಿಕೊಂಡಿತ್ತು.

ನಡುಮನೆಯಲ್ಲಿ ಗೊರಕೆ ಶುರುವಾಯಿತು. ಆಚೆಮನೆಯವಳು ಗೋಡೆಯಾಚೆಯಿಂದಲೇ ಕೂಗಿದಳು, “ದೇವಾಜಿ, ನಿನ್ನ ಗಂಡನ್ನ ಮಗ್ಗುಲು ತಿರುಗ್ಸು ತಾಯಿ, ಮಗು ಎದ್ದುಬಿಡ್ತು!” ನಾನು ಎದ್ದು ಹೋಗಿ ಅವನನ್ನು ತಿರುಗಿಸಿದೆ. ತಿರುಗಿಸಿದವಳು ಅಲ್ಲೇ ನಿಂತೆ. ಅವನೂ ಆ ಹನ್ನೆರಡು ವರ್ಷದೊಳಗೆ ಹುಟ್ಟಿದವನು. ಅವನ ಪಟದಲ್ಲೂ ಒಳಹಿಮ್ಮಡಿಗೆ ಮೂರು ಚುಕ್ಕಿ, ಹನ್ನೊಂದನೆಯ ದಿನದಿಂದ ಅವನ ರೆಪ್ಪೆಗೂ ಮುಲಾಮು. ಅವನು ಮೈ ತುರಿಸಿಕೊಂಡದ್ದನ್ನು ಹದಿನೈದು ವರ್ಷದ ಸಂಸಾರದಲ್ಲಿ ನಾನು ಕಂಡಿರಲಿಲ್ಲ. ಪಟದ ಹೊರಹಿಮ್ಮಡಿಯಲ್ಲಿ ಒಂದೇ ಚುಕ್ಕಿಯಿರುವ ಈ ಮನುಷ್ಯ ಹೆಂಚು ಹಾರುವ ಹಾಗೆ ಗೊರಕೆ ಹೊಡೆಯುತ್ತಿದ್ದ.

ಮಾರನೆಯ ಬೆಳಿಗ್ಗೆ ಹೆಜ್ಜೆಮನೆಗೆ ಹೋಗಿ ಅವನ ಪಟ ತೆಗೆದೆ. ಅದೇ ಸುಕ್ಕು. ಕಿಟಕಿಯ ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿದೆ. ಹಿಂದಿನಿಂದ ನೋಡಿದರೆ ಮೂರು ಚುಕ್ಕಿ ಬಲಗಡೆ, ಹೊರಹಿಮ್ಮಡಿಗೆ ಇದ್ದವು.

ಆ ಹನ್ನೆರಡು ವರ್ಷ ಹೆಜ್ಜೆಮನೆಯಲ್ಲಿದ್ದವರು ನಂಜುಂಡಜ್ಜ. ಈಗ ತೊಂಬತ್ತು ದಾಟಿದೆ, ಎರಡೂ ಕಣ್ಣಿಲ್ಲ. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. “ಯಾರು, ಸಾಕಮ್ಮನ ಮಗಳಾ? ನಿಮ್ಮವ್ವನೂ ಹಿಂಗೇ ಚಪ್ಪಲಿ ಎಳೀತಿದ್ಲು. ಕೂತ್ಕೊ, ಕೈ ಖಾಲಿ ಇದ್ರೆ ನಾಲ್ಕು ಕಾಯಿ ಸುಲಿ.” ನಾನು ಸುಲಿಯುತ್ತಾ ಕೇಳಿದೆ, “ಅಜ್ಜ, ನೀವು ಶಾಯೀಲಿ ಚುಕ್ಕಿ ಇಡ್ತಿರಲಿಲ್ವಾ?”

“ಇಡ್ತಿದ್ದೆ. ಇಪ್ಪತ್ತು ವರ್ಷ ಇಟ್ಟೆ. ಆಮೇಲೆ ಅಂಚು ಹೋಯ್ತಲ್ಲ, ಕಲ್ಲು ನೋಡಿದ್ರೆ ಕಾಗದ ಕಾಣದು, ಕಾಗದ ನೋಡಿದ್ರೆ ಕಲ್ಲು ಕಾಣದು. ಒಂದು ಚುಕ್ಕಿ ಆಚೀಚೆ ಆದ್ರೆ ಮಗೀನ ಬದುಕೇ ಆಚೀಚೆ. ಅದಕ್ಕೇ ಒಂದು ಉಪಾಯ ಮಾಡಿದೆ.” ಮುದುಕರ ಮುಖ ಅರಳಿತು. “ಕಾಗದಾನೇ ನೆನೆಸಿ ಕಲ್ಲಿನ ಮೇಲೆ ಹಾಸಿ ಎತ್ಕೊಳ್ಳೋದು. ಚುಕ್ಕಿ ಅದಕ್ಕದೇ ಅಂಟ್ಕೊಂಡು ಬರೋದು. ಹನ್ನೆರಡು ವರ್ಷ ಒಂದೇ ಒಂದು ಚುಕ್ಕಿ ತಪ್ಪಿಲ್ಲ. ಬೇಕಾದ್ರೆ ನೋಡ್ಕೊ.”

“ಎತ್ತಿದ ಮೇಲೆ ಕಾಗದ ಮಗುಚಿ ಹಾಕಿ ಓದ್ತಿದ್ರಲ್ಲ ಅಜ್ಜ?”

“ಹೂಂ ಮತ್ತೆ. ಚುಕ್ಕಿ ಇರೋ ಕಡೆ ಮೇಲೆ ಮಾಡ್ಕೊಂಡು.”

ನಾನು ಅವರ ಬಲಗೈ ಹಿಡಿದು ಮಣೆಯ ಮೇಲೆ ಅಂಗೈ ಕೆಳಗಾಗಿ ಇಟ್ಟೆ. “ಹೆಬ್ಬೆರಳು ಯಾವ ಕಡೆಗೈತೆ?” “ಎಡಕ್ಕೆ.” ಕೈಯನ್ನು ಅಂಗೈ ಮೇಲೆ ಬರುವಂತೆ ಮಗುಚಿದೆ. “ಈಗ?”

ಅಜ್ಜ ಎಡಗೈಯಿಂದ ಆ ಹೆಬ್ಬೆರಳನ್ನು ಮುಟ್ಟಿ ನೋಡಿಕೊಂಡರು, ಅದು ಬಲಕ್ಕೆ ಬಂದಿತ್ತು. ಅವರೆಕಾಯಿಯ ಮೊರ ಪಕ್ಕಕ್ಕೆ ಸರಿಸಿದರು. “ಆ ಮಕ್ಕಳ ಹೆಸರು ಓದು,” ಎಂದರು. ನಾನು ಬರೆದುಕೊಂಡು ಹೋಗಿದ್ದೆ. ಒಳಗೋ ಹೊರಗೋ ಮೂರು ಚುಕ್ಕಿ ಬಂದವರು, ಊರಲ್ಲೇ ಇರುವವರು, ಎಪ್ಪತ್ತು ಹೆಸರು. ಒಂದೊಂದು ಹೆಸರಿಗೂ ಅವರು ತಲೆಯಾಡಿಸಿದರು. ಮರಿಸ್ವಾಮಿ ಎಂದಾಗ, “ಒದ್ದು ನೀರು ಚೆಲ್ಲಿದ್ದ ಅವನು, ಎರಡು ಸಲ ಎತ್ತಬೇಕಾಯ್ತು,” ಎಂದರು. ಎಲ್ಲಾ ಮುಗಿದ ಮೇಲೆ ಕೇಳಿದರು, “ಇವರಲ್ಲಿ ಕಣ್ಣು ಹೋದೋರು ಯಾರ್ಯಾರು?” ಅದು ನನಗೂ ಇನ್ನೂ ಗೊತ್ತಿರಲಿಲ್ಲ, ಹತ್ತೊಂಬತ್ತು ಜನರನ್ನು ಬಿಟ್ಟರೆ.

ಡಾಕ್ಟರು ನನ್ನ ಮಾತು ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು. “ಅಂದ್ರೆ ಹನ್ನೆರಡು ವರ್ಷ ಇಸುಬಿನ ಮಕ್ಕಳಿಗೆ ಮುಲಾಮು ಸಿಕ್ಕಿಲ್ಲ. ಗೊರಕೆ ಮಕ್ಕಳಿಗೆ ಸಿಕ್ಕಿದೆ. ದೇವಾಜಮ್ಮ, ಯಾರಾದ್ರೂ ಬೇಕು ಅಂತ ಮಾಡಿದ್ರೂ ಇಷ್ಟು ಚೊಕ್ಕವಾಗಿ ಬೇರೆ ಮಾಡೋಕಾಗ್ತಿರಲಿಲ್ಲ.” ಆಮೇಲೆ ತಾವು ಆಡಿದ್ದು ತಮಗೇ ಕೇಳಿಸಿದ ಹಾಗೆ ಮತ್ತೆ ಕುರ್ಚಿಯಲ್ಲಿ ಕೂತರು. “ಎಲ್ಲರನ್ನೂ ಮತ್ತೆ ಕಲ್ಲು ಹತ್ತಿಸಬೇಕು.”

ಮೊದಲು ಹತ್ತಿದವನು ಮರಿಸ್ವಾಮಿ. “ನಲವತ್ತು ವರ್ಷದ ಮೇಲೆ ನಾಮಕರಣನಾ ನಂಗೆ?” ಎಂದು ನಗುತ್ತಲೇ ಬಲಗಾಲು ತೊಯಿಸಿಕೊಂಡ. ನೀರು ಆರಿತು. ಮೂರು ಚುಕ್ಕಿ ಹೊರಗಡೆ. ನಾನು ಏನೂ ಹೇಳುವ ಮುಂಚೆಯೇ ಅವನು, “ಗೊರಕೆ ಅಂತ ನೀನು ದಿನಾ ಹೇಳ್ತಿದ್ದೆಯಲ್ಲ, ಕಲ್ಲು ಕೇಳಬೇಕಾಗಿತ್ತಾ?” ಎಂದ. ಡಾಕ್ಟರು ಅವನನ್ನು ಎದುರು ಕೂರಿಸಿ, ತಮ್ಮ ಮೂಗನ್ನೇ ನೋಡಲು ಹೇಳಿ, ಎರಡೂ ಪಕ್ಕದಿಂದ ಬೆರಳು ತಂದರು. “ಕಂಡಾಗ ಹೇಳಿ.” ಬೆರಳು ಕಿವಿ ದಾಟಿತು, ಕೆನ್ನೆ ದಾಟಿತು. ಕಣ್ಣಿನ ಹತ್ತಿರಕ್ಕೇ ಬಂದ ಮೇಲೆ “ಹೂಂ, ಈಗ” ಎಂದ. ಅವನು ನಗುವುದು ನಿಲ್ಲಿಸಿದ್ದು ಆಗ. ನಾನು ಬಕೆಟ್ಟಿನ ವಿಷಯ ನೆನೆಸಿಕೊಂಡು ಕಲ್ಲು ಒರೆಸುತ್ತಾ ಕೂತೆ.

ಉಳಿದವರನ್ನು ಒಪ್ಪಿಸಲು ಒಂದು 	ತಿಂಗಳು ಹಿಡಿಯಿತು. ಮನೆಮನೆಗೆ ಹೋದೆ. “ನನ್ನ ಮಗಳ ಮದುವೆ ಗೊತ್ತಾಗೈತೆ, ಈಗ ನನ್ನ ಕಾಲಲ್ಲಿ ಇಸುಬಿನ ಚುಕ್ಕಿ ತೆಗೀತೀಯಾ?” ಎಂದು ಒಬ್ಬ ಬಾಗಿಲು ಹಾಕಿಕೊಂಡ. ಹೂ ಮಾರುವ ಪುಟ್ಟಸಿದ್ದಮ್ಮ ಮಾತ್ರ ಕೇಳಿದ ತಕ್ಷಣ ಬುಟ್ಟಿ ಕೆಳಗಿಟ್ಟು ಬಂದಳು. ಅವಳ ಪಟದಲ್ಲಿ ಗೊರಕೆ. ಕಲ್ಲಿನ ಮೇಲೆ ಮೂರು ಚುಕ್ಕಿ ಒಳಗಡೆ ಮೂಡಿದಾಗ ಸೊಂಟಕ್ಕೆ ಕೈಕೊಟ್ಟು ನಿಂತಳು. “ನೋಡಿದ್ರಾ? ನಲವತ್ತು ವರ್ಷದಿಂದ ಬೆವರುಗುಳ್ಳೆ ಬೆವರುಗುಳ್ಳೆ ಅಂತ ಮೈ ಪರಚ್ಕೋತಾ ಇವ್ನಿ! ಮಾಗಿ ಚಳೀಲೂ ಬೆವರುಗುಳ್ಳೆ! ಚೀಟಿ ಕೊಡ್ರವ್ವ ಅಂದ್ರೆ ನಿಂದು ಇಸುಬಲ್ಲ ಹೋಗು ಅಂದ್ರು. ಕೊಬ್ಬರಿ ಎಣ್ಣೆ ತಿಕ್ಕಿ ತಿಕ್ಕಿ ನನ್ನ ಜೀವಮಾನ ಹೋಯ್ತು.” ಡಾಕ್ಟರು ಬೆರಳನ್ನು ಅವಳ ಕಿವಿಯ ಹಿಂದಿನಿಂದ ತರಲು ಶುರುಮಾಡುತ್ತಿದ್ದ ಹಾಗೇ, “ಕಾಣ್ತೈತೆ. ಉಗುರು ಕತ್ತರಿಸ್ಕೊಳಿ ಡಾಕ್ಟ್ರೇ,” ಎಂದಳು.

ಎಪ್ಪತ್ತರಲ್ಲಿ ಅರವತ್ತಾರು ಜನ ಬಂದರು. ಅರವತ್ತಾರೂ ತಿರುವುಮುರುವು. ಮುಲಾಮು ಹಚ್ಚಿಸಿಕೊಂಡಿದ್ದ ಗೊರಕೆಯವರು ಮೂವತ್ತೈದು. ಅದರಲ್ಲಿ ಇಪ್ಪತ್ತು ಜನಕ್ಕೆ ಅಂಚುಗಪ್ಪು, ಮರಿಸ್ವಾಮಿಯೂ ಸೇರಿ. ಮುಲಾಮಿಲ್ಲದೆ ಜನ್ಮವಿಡೀ ಪರಚಿಕೊಂಡ ಇಸುಬಿನವರು ಮೂವತ್ತೊಂದು. ಅಂಚುಗಪ್ಪು ಒಬ್ಬನಿಗೆ, ಅವನಿಗೂ ಚಿಕ್ಕಂದಿನಲ್ಲಿ ಆ ಕಣ್ಣಿಗೆ ಚಿನ್ನಿಕೋಲು ಬಡಿದಿತ್ತು. ಡಾಕ್ಟರು ಬಹಳ ಜಾಗ್ರತೆಯಿಂದ ಹೇಳಿದರು, “ಅರವತ್ತಾರು ಜನ ಅಷ್ಟೇ. ಇದೇ ಕೊನೆ ಮಾತು ಅಂತ ನಾನು ಹೇಳಲ್ಲ. ಆದ್ರೆ ಇಸುಬು ಕಣ್ಣನ್ನ ಕೆಡಿಸಿದ ಹಾಗೆ ಕಾಣಲ್ಲ. ಮುಲಾಮು ಕೆಡಿಸಿದ ಹಾಗೆ ಕಾಣುತ್ತೆ. ಹೋದ ಅಂಚು ವಾಪಸ್ ಬರಲ್ಲ. ಮರಿಸ್ವಾಮಿಗೆ ಮುಲಾಮು ಬಿಡಿಸಿ ಹನಿ ಕೊಡ್ತೀನಿ, ಇರೋದನ್ನ ಉಳಿಸ್ಕೊಳ್ಳೋಣ.” ಆಮೇಲೆ ಚೆಲುವಿಯನ್ನು ಕರೆದು ಕೂರಿಸಿಕೊಂಡರು. ಅವಳು ಬೆರಳನ್ನು ದೂರದಿಂದಲೇ ಕಂಡಳು. ಅವರು ಅವಳ ಮುಚ್ಚಿದ ರೆಪ್ಪೆಯ ಮೇಲೆ ತೋರುಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿದರು. ನನ್ನ ಕೈ ಹಿಡಿದು ನನ್ನ ಕಣ್ಣಿನ ಮೇಲೆ ನನ್ನ ಬೆರಳನ್ನೇ ಇಟ್ಟು ಒತ್ತಿಸಿದರು, ಆಮೇಲೆ ಅವಳ ಕಣ್ಣಿನ ಮೇಲೆ. ನನ್ನದು ಹಣ್ಣಾದ ಟೊಮೇಟೊ, ಅವಳದು ಕಾಯಿ. “ಕಣ್ಣೊಳಗೆ ಒತ್ತಡ ಏರಿದೆ. ಅಂಚು ಇನ್ನೂ ಹೋಗಿಲ್ಲ,” ಎಂದರು.

ಚಿಕ್ಕವ್ವನಿಗೆ ಬೇರೆ ಯಾರೋ ಹೇಳುವ ಮುಂಚೆ ನಾನೇ ಹೇಳಬೇಕೆಂದು ಅಲ್ಲಿಂದ ನೇರ ಮುಲಾಮಿನ ಮನೆಗೆ ಹೋದೆ. ಎಲ್ಲವನ್ನೂ ಕೇಳಿಸಿಕೊಂಡು ಅವಳು ಸೌಟನ್ನು ಕೊಪ್ಪರಿಗೆಯ ಅಂಚಿಗೆ ಬಡಿದಳು. “ಮಂದಿ ಕಾಲು ಕಲ್ಲಿಗಿಡಿಸಿ ಇಡಿಸಿ ನಿನ್ನ ತಲೇನೂ ಕಲ್ಲಾಯ್ತೇನೇ? ಹಂಗಾದ್ರೆ ನಿಮ್ಮವ್ವ ಊರ ಮಕ್ಕಳಿಗೆಲ್ಲ ಕಣ್ಣು ಕೀಳ್ತಾ ಕೂತಿದ್ಲಾ? ನಾನು ಕೀಳ್ತಾ ಇದೀನಾ?”

“ನಾನೂ ಏಳು ವರ್ಷ ಚೀಟಿ ಬರೆದಿವ್ನಿ ಚಿಕ್ಕವ್ವ.”

“ನಿಮ್ಮವ್ವನ ಕಣ್ಣು ಯಾಕೆ ಹೋಯ್ತು? ಹದಿನೈದು ದಿನ ಬಿಟ್ಟಿದ್ದಕ್ಕೆ ಹೋಯ್ತು. ಅವಳ ಬಾಯಲ್ಲೇ ಕೇಳಿದೀಯ.”

“ಐವತ್ತು ವರ್ಷ ಹಚ್ಚಿದ್ದಕ್ಕೆ ಯಾಕೆ ಹೋಗಿರಬಾರದು?”

ಚಿಕ್ಕವ್ವ ಒಲೆಯ ಸೌದೆ ಹಿಂದಕ್ಕೆಳೆದಳು, ಮತ್ತೆ ಮುಂದಕ್ಕೆ ದೂಡಿದಳು. ಅವಳ ಎರಡೂ ಕೈ ಮೊಣಕೈವರೆಗೂ ಮಗುವಿನ ಚರ್ಮದ ಹಾಗೆ ನುಣ್ಣಗಿವೆ, ಅರವತ್ತೆಂಟು ವರ್ಷಕ್ಕೆ. ಕೊನೆಗೆ ಹೇಳಿದಳು, “ಅವಳು ಉಸಿರು ಬಿಡೋ ಮುಂಚೆ ಮೂರು ದಿನ ನನ್ನ ಕೇಳ್ತಿದ್ಲು, ದೇವಾಜಿ ಹಚ್ಚಿದ್ಲಾ, ದೇವಾಜಿ ಹಚ್ಚಿದ್ಲಾ ಅಂತ. ಹಚ್ಚಿದ್ಲು ಅಕ್ಕ ಅಂತಿದ್ದೆ. ಅದೊಂದೇ ಕೇಳಿ ಕಣ್ಮುಚ್ಚಿದ್ದು. ಹಚ್ಚೋದೂ ಬಿಡೋದೂ ನಿನ್ನ ಕೈಲೈತೆ. ಮಾತು ಕೊಟ್ಟೋಳು ನೀನು. ಬಿಡು ಅಂತ ನನ್ನ ಬಾಯಲ್ಲಿ ಹೇಳಿಸಬೇಡ, ನಾನು ಹೇಳಲ್ಲ.” ಹೊರಡುವಾಗ ಎಂದಿನಂತೆ ಚೆಲುವಿಯ ಭರಣಿ ತುಂಬಿ ನನ್ನ ಕೈಗೇ ಕೊಟ್ಟಳು. ಅದನ್ನು ಸೆರಗಿನಡಿ ಇಟ್ಟುಕೊಂಡು ಮನೆಗೆ ಬಂದೆ.

ಆ ವಾರವೆಲ್ಲ ಹಚ್ಚಿದೆ. ಇದನ್ನು ಬರೆಯದೆ ಬಿಡಬಹುದಾಗಿತ್ತು. ಬೆಳಿಗ್ಗೆ ಎದ್ದು, ರಾಗಿ ಹಿಟ್ಟು ನಾದಿ, ಮರಿಸ್ವಾಮಿಯ ಕಣ್ಣಿಗೆ ಡಾಕ್ಟರ ಹನಿ ಬಿಟ್ಟು, ಅದೇ ಕೈಯಲ್ಲಿ ಭರಣಿ ತೆಗೆದು ಮಗಳ ರೆಪ್ಪೆಗೆ ಹಚ್ಚಿದೆ. ಅರವತ್ತಾರು ಜನ ಅಷ್ಟೇ ಎಂದು ಹೇಳಿಕೊಂಡೆ. ನಾಳೆ ಯೋಚಿಸೋಣ ಎಂದುಕೊಂಡೆ. ಮರಿಸ್ವಾಮಿ ಒಂದು ದಿನ ಏಣಿ ಹೊತ್ತುಕೊಂಡು ಹೊರಟವನು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ನಿಂತ, ಏಣಿ ಇಳಿಸಿದ, ಕೈಯಲ್ಲಿ ಚೌಕಟ್ಟಿನ ಎಡಗಡೆ ಎಲ್ಲಿದೆಯೆಂದು ತಡವಿ ನೋಡಿದ, ಮತ್ತೆ ಏಣಿ ಹೊತ್ತುಕೊಂಡು ಹೋದ. ಹದಿನೈದು ವರ್ಷದಿಂದ ದಿನಾ ದಾಟುವ ಬಾಗಿಲು ಅದು.

ಸೋಮವಾರ ಬೆಳಿಗ್ಗೆ ಚೆಲುವಿ ಎಂದಿನಂತೆ ತಲೆ ಬಾಚಿಸಿಕೊಂಡು ಜಗಲಿಯ ಮೇಲೆ ಕೂತು, ಮುಖ ಮೇಲಕ್ಕೆತ್ತಿ, ಕಣ್ಣು ಮುಚ್ಚಿ ಕಾದಳು. ನಾನು ಭರಣಿಯ ಮುಚ್ಚಳ ತೆಗೆದೆ. ಬೆರಳಿಗೆ ಮುಲಾಮು ತೆಗೆದುಕೊಂಡೆ. ಇನ್ನೊಂದು ಕೈಯ ಬೆರಳಿಂದ ಅವಳ ಮುಚ್ಚಿದ ರೆಪ್ಪೆಯನ್ನು ಮೆಲ್ಲಗೆ ಒತ್ತಿ ನೋಡಿದೆ, ಕಾಯಿಯ ಹಾಗೇ ಗಟ್ಟಿ. ಆಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮುಚ್ಚಳ ಹಾಕಿದೆ. ತಣ್ಣೀರಲ್ಲಿ ಹಳೇ ಪಂಚೆಯ ಚೂರು ಅದ್ದಿ ರೆಪ್ಪೆಯ ಮೇಲಿಟ್ಟೆ, ಕೊಬ್ಬರಿ ಎಣ್ಣೆ ಸವರಿದೆ. ಅವಳು ಒಂದು ಕಣ್ಣು ಬಿಟ್ಟು ನೋಡಿದಳು.

“ಅವ್ವಾ, ಮುಲಾಮು ಮರೆತೆ.”

“ಮರೆತಿಲ್ಲ. ಸ್ಕೂಲಿಗೆ ಹೊತ್ತಾಯ್ತು, ಹೋಗು.”

ಮೂರನೆಯ ದಿನಕ್ಕೆ ಅವಳ ರೆಪ್ಪೆ ಊದಿ, ಬಿರಿದು, ನೀರು ಸುರಿಯತೊಡಗಿತು. ಉಗುರುಗಳಿಗೆ ಬಟ್ಟೆ ಸುತ್ತಿದೆ. ಅವಳು ಹಲ್ಲಿನಿಂದ ಬಟ್ಟೆ ಬಿಚ್ಚಿಕೊಂಡು ಪರಚಿಕೊಂಡಳು. “ಒಂದೇ ಒಂಚೂರು ಹಚ್ಚವ್ವಾ, ಬೆರಳ ತುದೀಲಿ” ಎಂದು ನನ್ನ ಸೆರಗು ಹಿಡಿದು ಅತ್ತಳು. ಚಿಕ್ಕವ್ವ ಬೀದಿಯಲ್ಲಿ ಹೋಗುತ್ತಿದ್ದವಳು ನಿಂತು ಕೇಳಿಸಿಕೊಂಡು, ನನ್ನ ಮುಖವನ್ನೊಮ್ಮೆ ನೋಡಿ, ಒಳಗೆ ಬಾರದೆ ಮುಂದಕ್ಕೆ ಹೋದಳು. ಭರಣಿಯನ್ನು ತಿಪ್ಪೆಗೆ ಸುರಿದು ತೊಳೆದಿಟ್ಟೆ. ಅವ್ವನಿಗೆ ಕೊಟ್ಟ ಮಾತನ್ನು ನಾನು ನಡೆಸಲಿಲ್ಲ.